ಚಪ್ಪಲಿ ತರಲು ಗುಡ್ಡ ಹತ್ತಿದ್ದು

ನನ್ನ ಗಂಡ ಸೈಕಲ್ ಹೊಡೆಯುವ ಬಿಗಿ ಚಡ್ಡಿ ತೊಟ್ಟು ಮೊದಲ ಸಲ ಪಡಸಾಲೆಗೆ ಬಂದಾಗ ಅತ್ತೆಯವರು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮಗನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಮ್ಯಾಲಿನ ಪ್ಯಾಂಟ್ ಯಾವಾಗ ಹಾಕ್ಕೋತೀಯೋ?" ಎಂದರು. ಮೇಲೆ ಹಾಕಿಕೊಳ್ಳಲು ಬೇರೇನೂ ಇಲ್ಲ, ಇದೇ ಪೂರ್ಣ ಪೋಷಾಕು ಎಂದು ತಿಳಿಸಿ ಹೇಳುವಷ್ಟರಲ್ಲಿ, ಹುಬ್ಬಳ್ಳಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ನನ್ನ ಯಜಮಾನರು ಗುಡ್ಡ ಹತ್ತದೆಯೇ ಬೆವೆತುಹೋಗಿದ್ದರು. "ಓಣ್ಯಾಗ ಹಿಂಗ ಅಡ್ಡಾಡಬ್ಯಾಡಪಾ, ನಾಯಿ ಬೆನ್ನ ಹತ್ತತಾವ" ಎಂದು ಹೇಳಿ ಅತ್ತೆ ಜಪಕ್ಕೆ ಕುಳಿತರು.

ಆ ಚಡ್ಡಿಗೆ ಮೂಲ ಕಾರಣ ನಾನೇ. ನವನಗರದ ನಮ್ಮ ಮನೆಯಿಂದ ಪಾಠ ಮಾಡುವ ಕಾಲೇಜಿಗೆ ವರ್ಷಗಟ್ಟಲೆ ಸೈಕಲ್ ಮೇಲೆ ಹೋಗಿಬಂದವಳು ನಾನು. ಒಂದು ಬೆಳಿಗ್ಗೆ ಹಿಂದಿನಿಂದ ಬಂದ ಟಂಟಂ ಆಟೋ ನನ್ನ ಕಿವಿಯ ಬುಡದಲ್ಲಿ ಪೋಂ ಎಂದು ಹಾರ್ನ್ ಹೊಡೆದು, ಮರುಕ್ಷಣ ಸೈಕಲ್ಲಿಗೂ ಹೊಡೆಯಿತು. ಮೊಣಕೈ ಮುರಿಯಿತು. ಡಾಕ್ಟರು ಕೂಡಿಸಿದರು, ಎಲುಬು ಪಾಪ, ಹೇಳಿದ ಮಾತು ಕೇಳಿತು. ಬೆರಳುಗಳು ಕೇಳಲಿಲ್ಲ. ಅಂದಿನಿಂದ ಎಲ್ಲೇ ಹಾರ್ನ್ ಕೇಳಲಿ, ಎರಡೂ ಕೈ ಬ್ರೇಕನ್ನು ಗಪ್ಪನೆ ಹಿಡಿದುಬಿಡುತ್ತಿದ್ದವು. ಸೈಕಲ್ ನಿಲ್ಲುತ್ತಿತ್ತು, ನಾನು ಬೀಳುತ್ತಿದ್ದೆ. ನಮ್ಮ ಅವಳಿ ನಗರದಲ್ಲಿ ಜನ ನಮಸ್ಕಾರಕ್ಕೂ ಹಾರ್ನ್ ಹೊಡೆಯುತ್ತಾರೆ, ಹಸಿರು ದೀಪ ಹತ್ತುವ ಮೊದಲೇ ಹೊಡೆಯುತ್ತಾರೆ, ಎದುರಿಗೆ ಯಾರೂ ಇಲ್ಲದಿದ್ದರೆ ಬೇಸರ ಕಳೆಯಲು ಹೊಡೆಯುತ್ತಾರೆ. ಸೈಕಲ್ ಹಿತ್ತಲು ಸೇರಿತು. ಅತ್ತೆ ಅದರ ಹ್ಯಾಂಡಲ್ಲಿಗೆ ಸಂಡಿಗೆ ಒಣಗಿಸುವ ಸೀರೆಯ ತುದಿ ಕಟ್ಟತೊಡಗಿದರು.

"ಹಾರ್ನ್ ಇಲ್ಲದ ರಸ್ತಾ ಹುಡುಕಿದ್ರಾತು" ಎಂದರು ನನ್ನ ಗಂಡ, ಕಾಳಿನ ಧಾರಣೆ ಬಿದ್ದಾಗ "ನಾಳೆ ಏರತೈತಿ" ಎನ್ನುವಷ್ಟೇ ಸಲೀಸಾಗಿ. ಡಾಂಬರಿಲ್ಲದ, ಕಲ್ಲುಮಣ್ಣಿನ ಗರಸಿನ ರಸ್ತೆಗೆಂದೇ ಮಾಡಿದ ದಪ್ಪ ಗಾಲಿಯ ಎರಡು ಸೈಕಲ್ ಮನೆಗೆ ಬಂದವು. ಅವಕ್ಕೆ ಗಂಟೆಯೇ ಇರಲಿಲ್ಲ. ಅಂಗಡಿಯವ, "ಇವು ಮಂದಿ ಇರೋ ರಸ್ತಾಕ್ಕ ಹೋಗಂಗಿಲ್ರೀ, ಗಂಟಿ ಯಾರಿಗೆ ಬಾರಸ್ತೀರಿ?" ಎಂದನಂತೆ. ನನ್ನ ಗಂಡ ಮೊಬೈಲಿನ ನಕ್ಷೆಯಲ್ಲಿ ಕಣ್ಣು ನೆಟ್ಟು, ಕುಮಟಾದ ಕಡೆ ಒಂದು ಗುಡ್ಡವನ್ನೂ ಹುಡುಕಿಟ್ಟಿದ್ದರು. ಗುಡ್ಡ ಸೀದಾ ಸಮುದ್ರಕ್ಕೆ ಇಳಿಯುತ್ತದೆ, ಮೇಲೆ ಗರಸಿನ ದಾರಿ, ವಾಹನ ಒಂದೂ ಇಲ್ಲ.

ನಾನು ಯಾರಿಗೂ ಹೇಳದೆ ನಿರ್ಧಾರ ಮಾಡಿಕೊಂಡಿದ್ದೆ. ಹಾರ್ನೇ ಇಲ್ಲದ ಜಾಗದಲ್ಲೂ ನನ್ನ ಕೈಗೆ ಬುದ್ಧಿ ಬರದಿದ್ದರೆ ಅಲ್ಲಿಗೆ ಮುಗಿಯಿತು, ಮತ್ತೆ ಸೈಕಲ್ ಹತ್ತುವುದಿಲ್ಲ. ಸೈಕಲ್ ಇಲ್ಲದಿದ್ದರೆ ನನಗೇನು ಕಡಿಮೆಯಾಗುತ್ತದೆ ಎಂದು ಎಲ್ಲರೆದುರು ಹೇಳುತ್ತಿದ್ದೆ. ಬಹಳ ಕಡಿಮೆಯಾಗಿತ್ತು. ಯಾರಾದರೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಲಿ ಎಂದು ಕಾಯುವ ಹೆಂಗಸಾಗಿದ್ದೆ, ಆ ಹೆಂಗಸು ನನಗೆ ಸೇರುತ್ತಿರಲಿಲ್ಲ.

ಚಳಿಗಾಲದ ಒಂದು ರವಿವಾರ ಹೊರಟೆವು. "ಸಮುದ್ರದ ದಂಡ್ಯಾಗ ಮೀನ ಬಿಟ್ರ ಏನ್ ಸಿಗತೈತಿ?" ಎಂದು ಅತ್ತೆ ಬುತ್ತಿ ಕಟ್ಟಿದರು: ರೊಟ್ಟಿ, ಎಣ್ಣೆಗಾಯಿ, ಝುಣಕದ ವಡಿ, ಶೇಂಗಾ ಚಟ್ನಿ, ಡಬ್ಬಿ ತುಂಬ ಗಟ್ಟಿ ಮೊಸರು. ಹಗುರ ಇರಲಿ ಎಂದು ನನ್ನ ಗಂಡ ಹುಡುಕಿ ಹುಡುಕಿ ತಂದ ಸೈಕಲ್ಲಿಗೆ ಕೊನೆಗೆ ಒಂದು ಮದುವೆಯ ಪಂಕ್ತಿಯನ್ನೇ ಹೇರಿದಂತಾಯಿತು.

ಗುಡ್ಡದ ಈಚೆ ಕಾರು ನಿಲ್ಲಿಸಿ ಹತ್ತತೊಡಗಿದೆವು. ಕೆಂಪು ಗರಸು, ಒಂದು ಕಡೆ ಗೇರು ಗಿಡ, ಇನ್ನೊಂದು ಕಡೆ ಕಡಿದಾದ ಬಂಡೆ, ಅದರ ಕೆಳಗೆ ಸಮುದ್ರ. ಹತ್ತುವಾಗ ನನಗೆ ತೊಂದರೆಯಿಲ್ಲ, ಏರಿನಲ್ಲಿ ಬ್ರೇಕಿಗೆ ಕೆಲಸವೇ ಇರುವುದಿಲ್ಲ. ಇಳಿಜಾರಿನಲ್ಲಿ ಮಾತ್ರ ಗರಸು ಬಹಳ ಖಡಕ್ಕು. ಬ್ರೇಕನ್ನು ಹಗುರವಾಗಿ, ಬಿಟ್ಟು ಬಿಟ್ಟು ಹಿಡಿಯಬೇಕು; ಗಪ್ಪನೆ ಹಿಡಿದರೆ ಗಾಲಿ ಜಾರಿ ಮಲಗಿಸುತ್ತದೆ. ನನ್ನ ಕೈಗೆ ಬರುವುದು ಗಪ್ಪನೆ ಹಿಡಿಯುವುದೊಂದೇ. ಹಾರ್ನ್ ಇರಲಿಲ್ಲ, ಒಂದು ತರಗೆಲೆ ಸರಿದದ್ದಕ್ಕೇ ಹಿಡಿದೆ, ಬಿದ್ದೆ. ಆಚೆಯ ಇಳಿಜಾರನ್ನೆಲ್ಲ ಸೈಕಲ್ ತಳ್ಳಿಕೊಂಡು ನಡೆದೇ ಇಳಿದೆ. ನನ್ನ ಗಂಡ ಕೆಳಗೆ ನಿಂತು, ನನ್ನನ್ನು ನೋಡಲೇ ಇಲ್ಲವೆಂಬಂತೆ ಸಮುದ್ರ ನೋಡುತ್ತಿದ್ದರು. ನನಗೆ ಅಳು ಬಂದಿತ್ತು.

ಗುಡ್ಡದ ಬುಡವನ್ನು ಸುತ್ತಿ ಕಾರಿನ ತನಕ ಒಂದು ಮರಳಿನ ಪಟ್ಟಿ ಹೋಗಿತ್ತು. ಒದ್ದೆಯಾದ, ಗಟ್ಟಿ, ಚಪ್ಪಟೆ ಮರಳು. "ಹೋಗೂ ಮುಂದ ಇದರ ಮ್ಯಾಲೇ ಹೋಗೂಣು, ಇಳಕಲ ಇಲ್ಲ ಏನಿಲ್ಲ" ಎಂದರು. ಅವರು ಬೂಟು ಕಳಚಿ ಮರಳಿನ ಮೇಲಿಟ್ಟರು, ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಎಣ್ಣೆಗಾಯಿ, ಮೊಸರು ಹೊಟ್ಟೆಗೆ ಇಳಿದ ಮೇಲೆ ನಮ್ಮ ಕಡೆಯವರು ಮಾಡುವುದು ಒಂದೇ. ಅಡ್ಡಾದೆವು.

ಕೆಲಗೇರಿ ಕೆರೆಯ ದಂಡೆಯಲ್ಲಿ ಉಂಡು ಮಲಗಿದರೆ, ಎದ್ದಾಗಲೂ ನೀರು ಇದ್ದಲ್ಲೇ ಇರುತ್ತದೆ. ಉಣಕಲ್ ಕೆರೆಯೂ ಅಷ್ಟೇ, ಬಹಳ ಮರ್ಯಾದಸ್ಥ ಕೆರೆ. ನಮಗೆ ಗೊತ್ತಿದ್ದ ನೀರು ಅಂಥದ್ದು. ಸಮುದ್ರಕ್ಕೆ ಭರತ ಬಂದು ನೀರು ಏರುತ್ತದೆಂದು ಸಾಲೆಯಲ್ಲಿ ಓದಿದ್ದೆವು, ಆದರೆ ಅದು ಪರೀಕ್ಷೆಗೆ ಮಾತ್ರ ಬರುತ್ತದೆ ಎಂದುಕೊಂಡಿದ್ದೆವು. ಕಣ್ಣು ಬಿಟ್ಟಾಗ ಮರಳಿನ ಪಟ್ಟಿ ಇರಲಿಲ್ಲ. ಗುಡ್ಡದ ಬುಡಕ್ಕೆ ಅಲೆ ಬಡಿಯುತ್ತಿತ್ತು, ಮತ್ತು ಎರಡು ಬೂಟುಗಳಲ್ಲಿ ಒಂದು ಸಮುದ್ರದ ಪಾಲಾಗಿತ್ತು.

"ಏ, ಇದ್ಯಾಕ ಇಲ್ಲೀತನ ಬಂತು?"

"ನಿಮ್ಮ ಚಡ್ಡಿ ನೋಡಾಕ ಬಂದಿರಬೇಕ್ರೀ" ಎಂದೆ.

ನಗು ಅಲ್ಲಿಗೇ ನಿಂತಿತು. ಅವರ ಸೈಕಲ್ಲಿನ ಪೆಡಲ್, ಆ ಬೂಟಿನ ತಳ ಸಿಕ್ಕಿಸಲೆಂದೇ ಮಾಡಿದ ಗಿಡ್ಡ ಕಬ್ಬಿಣದ ತುಂಡು. ಬರಿಗಾಲು ಇಟ್ಟರೆ ಜಾರುತ್ತಿತ್ತು. ಗರಸಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟು ಅಯ್ಯಯ್ಯೋ ಎಂದು ಕುಳಿತರು. ನನ್ನ ಬೂಟಿಗೆ ಅವರ ಹೆಬ್ಬೆರಳು ಮಾತ್ರ ಹೋಯಿತು. ಅವರ ಚಪ್ಪಲಿ ಕಾರಿನಲ್ಲಿತ್ತು, ಕಾರು ಗುಡ್ಡದ ಆಚೆಗಿತ್ತು.

"ನಾ ತರತೇನಿ."

"ನಡಕೋತ ಹೋಗ. ಇಳಿಯೂ ಮುಂದ ಸೈಕಲ್ ಹತ್ತಬ್ಯಾಡ. ನೀ ಬಿದ್ದರ ನಾ ಬರಾಕ ಆಗಂಗಿಲ್ಲ ನೋಡ" ಎಂದರು. ಇದನ್ನು ಹೇಳುವಾಗ ಮಾತ್ರ ಅವರು ಸಮುದ್ರ ನೋಡಲಿಲ್ಲ, ನನ್ನನ್ನೇ ನೋಡಿದರು.

ಗುಡ್ಡದ ತಲೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಾರು ಕೆಳಗೆ ಸಣ್ಣದಾಗಿ ಕಾಣುತ್ತಿತ್ತು. ನಡೆದು ಹೋಗಿ ನಡೆದು ಬಂದರೆ ಕತ್ತಲಾಗುವುದು ಖಾತ್ರಿ. ಕೈ ಕೊಡವಿದೆ, ಬೆರಳಿಗೆ ಬೈದೆ, ಸೀಟಿನ ಮೇಲೆ ಕುಳಿತು ಸೈಕಲ್ಲನ್ನು ಇಳಿಜಾರಿಗೆ ಬಿಟ್ಟೆ.

ಮೊದಲ ತಿರುವು ಆಯಿತು. ಎರಡನೆಯದರ ಆಚೆ, ಮನೆಗೆ ಹೊರಟಿದ್ದ ದನಗಳು ದಾರಿ ತುಂಬ ನಿಂತಿದ್ದವು. ಬೆರಳುಗಳು ಬ್ರೇಕಿನ ಕಡೆ ಹೊರಟವು. ಹಿಡಿದರೆ ಬೀಳುತ್ತೇನೆ, ಬಿದ್ದರೆ ಕರೆದೊಯ್ಯಲು ಬರುವವನು ಒಂದೇ ಬೂಟಿನವನು. ಗಂಟೆ ಹುಡುಕಿದೆ, ಗಂಟೆ ಇಲ್ಲ. ಆಗ ನನ್ನ ಬಾಯಿಂದಲೇ ಅದು ಹೊರಟಿತು.

"ಪೋಂ! ಪೋಂ ಪೋಂ ಪೋಂ!"

ಥೇಟ್ ಆ ಟಂಟಂ. ಅದೇ ಹಾಳಾದ ದನಿ. ಇಷ್ಟು ದಿನ ಕಿವಿಯೊಳಗೇ ಕುಳಿತಿದ್ದದ್ದು ಬಾಯಿಂದ ಹೊರಬಿತ್ತು. ಬಾಯಿ ಕೆಲಸ ಮಾಡುತ್ತಿರುವಾಗ ಕೈ ತನ್ನಷ್ಟಕ್ಕೆ ಬ್ರೇಕನ್ನು ಮುಟ್ಟಿ ಬಿಡುತ್ತ, ಮುಟ್ಟಿ ಬಿಡುತ್ತ ಇತ್ತು. ದನಗಳು ಗೇರು ಗಿಡಗಳ ಕಡೆ ಸರಿದವು. ಒಂದು ಎಮ್ಮೆ ಮಾತ್ರ ಅಲ್ಲೇ ನಿಂತು, ಇಷ್ಟು ವಯಸ್ಸಾಗಿ ಇದೇನು ಎಂಬಂತೆ ನೋಡಿತು. ಅದರ ಬಾಲ ಸವರಿಕೊಂಡು ಹೋಗಿ, ಕಾರಿನ ಹತ್ತಿರವೇ ಕಾಲು ಊರಿದೆ. ಅಲ್ಲಿ ನಿಂತು ಒಬ್ಬಳೇ ನಕ್ಕೆ, ಕಣ್ಣೀರೂ ಹಾಕಿದೆ.

ಚಪ್ಪಲಿಗಳನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ತಿರುಗಿ ಹತ್ತಿದೆ. ಆಚೆ ಇಳಿಯುವಾಗ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಉದ್ದಕ್ಕೂ ಪೋಂ ಎನ್ನುತ್ತಲೇ ಇಳಿದೆ. ನನ್ನ ಗಂಡ ಒಂದು ಬೂಟಿನ ಮೇಲೆ ಎದ್ದು ನಿಂತಿದ್ದರು.

"ಟಂಟಂ ಬಂತೇನ ಅನ್ಕೊಂಡೆ! ನೀನು... ಹತ್ತಿಕೊಂಡೇ ಇಳದೀ?"

"ಹೂಂರೀ."

ಅವರು ನನ್ನ ಮುಖ ನೋಡುತ್ತಲೇ ಚಪ್ಪಲಿಗೆ ಕೈ ಚಾಚಿದರು. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಹಾಗೆಯೇ ಸೈಕಲ್ ತಳ್ಳುತ್ತ ಗುಡ್ಡ ಹತ್ತಿದರು.

ಅದೇ ವಾರ, ಗಂಟೆಯಿಲ್ಲದ ಆ ಸೈಕಲ್ ಮೇಲೆ ಕಾಲೇಜಿಗೆ ಹೊರಟೆ. ಅತ್ತೆ ಗೇಟಿನ ತನಕ ಬಂದು, "ಸಾವಕಾಶ ಯವ್ವಾ" ಎಂದರು. ನವನಗರ ದಾಟುವ ಮೊದಲೇ ಹಿಂದಿನಿಂದ ಒಂದು ಟಂಟಂ ಬಂದು ಕಿವಿಯ ಬುಡದಲ್ಲಿ ಹಾರ್ನ್ ಹೊಡೆಯಿತು. ಬೆರಳುಗಳು ಮತ್ತೆ ಬ್ರೇಕಿನ ಕಡೆ ಹೊರಟವು. ಹ್ಯಾಂಡಲ್ ಗಟ್ಟಿ ಹಿಡಿದು, ಕತ್ತು ತಿರುಗಿಸಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಒಟ್ಟುಮಾಡಿ ಪೋಂ ಎಂದೆ. ಈ ಸಲ ಬ್ರೇಕ್ ಹಿಡಿದವನು ಟಂಟಂನವನು.