ಒಂದೇ ಕ್ಲಾಸು, ಮೂರು ಫೈಲು

ಇಂದಿರಾನಗರದ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ನಾವು ಮೂವರು ಸಣ್ಣ ಕ್ಲಿನಿಕ್ಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಅಪಾಯಿಂಟ್‌ಮೆಂಟು, ಬಿಲ್ಲು, ಲ್ಯಾಬ್ ರಿಪೋರ್ಟು, ಎಲ್ಲದರ ಕೋಡನ್ನೂ ಒಟ್ಟಿಗೆ ಕಟ್ಟಿದ್ದ ಒಂದು ದೈತ್ಯ ಕ್ಲಾಸು, ಅಂದರೆ ಕೋಡಿನ ಮನೆ; ಅದಕ್ಕೆ ಒಂದೇ ಫೈಲು. ಹಿಂದೊಮ್ಮೆ ಇಬ್ಬರು ಏಕಕಾಲಕ್ಕೆ ತಿದ್ದಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸಿ ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ನಮ್ಮದೊಂದು ಪದ್ಧತಿ: ಕೆಂಪು ಮಂಕಿ ಕ್ಯಾಪ್ ಯಾರ ತಲೆಯ ಮೇಲಿದೆಯೋ ಅವರು ಮಾತ್ರ ಫೈಲು ಮುಟ್ಟಬೇಕು. ಏಪ್ರಿಲ್ ಸೆಕೆಯಲ್ಲೂ ಉಣ್ಣೆಯ ಕ್ಯಾಪ್!

ಆ ಶುಕ್ರವಾರ ಅದನ್ನು ಹಾಕಿಕೊಂಡಿದ್ದವರು ಹಲಸೂರಿನ ಹಿರಿಯ ಸಹೋದ್ಯೋಗಿ. ಕಾಫಿ ಹೀರುತ್ತ ಬಿಲ್ಲಿನ ಭಾಗವನ್ನು ಆರಾಮವಾಗಿ ಕೆದಕುತ್ತಿದ್ದರು. ಪಕ್ಕದಲ್ಲಿ ಕಲಬುರಗಿಯ ಹುಡುಗಿ ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದಳು. ಲ್ಯಾಬ್ ರಿಪೋರ್ಟಿನ ಒಂದು ತಪ್ಪನ್ನು ಸರಿಪಡಿಸದೆ ಅವಳು ಊರಿಗೆ ಹೊರಡುವಂತಿರಲಿಲ್ಲ.

“ಅಣ್ಣನ ಮಗಳ ತೊಟ್ಟಲ ಕಾರ್ಯ ಅದರಿ. ಸ್ವಾದರತ್ತಿ ಅಂದ್ರ ನಾ ಒಬ್ಬಾಕಿನೇ. ನಾ ಹೋಗ್ಲಿಲ್ಲಂದ್ರ ಕೂಸಿನ ಕಿವ್ಯಾಗ ಹೆಸರು ಯಾರು ಹೇಳ್ತಾರ್ರೀ?”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಪಿತ್ತ ನೆತ್ತಿಗೇರಿತು. ಕ್ಯಾಪ್ ಕಿತ್ತುಕೊಂಡು ನಾನೇ ಹಾಕಿಕೊಂಡೆ. ಕ್ಲಾಸಿನ ಹೊರಗೋಡೆಯನ್ನಷ್ಟೇ ಹಳೆಯ ಫೈಲಿನಲ್ಲಿ ಬಿಟ್ಟು, ಒಳಗಿನದನ್ನೆಲ್ಲ ತಲೆಗೊಂದರಂತೆ ಮೂರು ಹೊಸ ಫೈಲುಗಳಿಗೆ ಕತ್ತರಿಸಿ ಹಾಕಿದೆ. ಗೋಡೆಯೊಳಗೆ ‘ಆ ಫೈಲನ್ನು ಇಲ್ಲಿ ಸೇರಿಸು’ ಎನ್ನುವ ಮೂರು ಸಾಲು ಬರೆದೆ. ಕಂಪ್ಯೂಟರಿನ ಪಾಲಿಗೆ ಅದು ಮೊದಲಿನ ಒಂದೇ ಕ್ಲಾಸು. ನಮ್ಮ ಪಾಲಿಗೆ ಮನೆ ಒಂದೇ, ಒಲೆ ಮೂರು.

“ಇದ್ಯಾವ ಡಿಸೈನಮ್ಮಾ? ಕ್ಲಾಸ್ ಅಷ್ಟೇ ದಪ್ಪ ಇದೆ, ಬರೀ ಚೂರು ಮಾಡಿದ್ದೀಯ,” ಎಂದರು ಹಿರಿಯರು.

“ಡಿಸೈನ್ ಆಮೇಲ್ ಮಾಡೋಣ ಸಾರ್. ಅವಳ ಟ್ರೈನ್ ಇವತ್ತು.”

ಪ್ರೋಗ್ರಾಂ ಓಡಿಸಿ ನೋಡಿದರೆ ಪರದೆಯ ತುಂಬ ತಪ್ಪುಗಳು. ಗೊಣಗುತ್ತಲೇ ಹಿರಿಯರು ಕನ್ನಡಕ ಏರಿಸಿ ಬಗ್ಗಿದರು.

“ನೋಡಿಲ್ಲಿ! ಕ್ಲಾಸ್ ಮುಚ್ಚೋ ಬ್ರಾಕೆಟ್ ನನ್ ಬಿಲ್ ಫೈಲಲ್ಲಿ ಸೇರ್ಕೊಂಡಿದೆ. ಗೋಡೆ ಅಲ್ಲೇ ಮುಗೀತು, ಲ್ಯಾಬ್ ಬೀದಿಪಾಲಾಯ್ತು.”

ಆ ಬ್ರಾಕೆಟ್ಟನ್ನು ಹೊರಗೋಡೆಗೆ ತಂದಿಟ್ಟೆವು, ಎಲ್ಲ ಸರಿಹೋಯಿತು. ಮೂವರೂ ನಮ್ಮ ನಮ್ಮ ಫೈಲು ತೆರೆದು ಒಮ್ಮೆಗೇ ಟೈಪು ಮಾಡತೊಡಗಿದೆವು. ಆ ಸದ್ದು ಕೇಳಿ ಕುಣಿಯುವಷ್ಟು ಖುಷಿಯಾಯಿತು ನನಗೆ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಅವಳ ಕೆಲಸ ಮುಗಿದಿತ್ತು. ಕಂಟೋನ್ಮೆಂಟ್ ಸ್ಟೇಷನ್ನಿಗೆ ಆಟೋ ಹತ್ತಿಸಿ ಬಂದೆವು.

ಭಾನುವಾರ ಅವಳ ಫೋನು ಬಂತು. ಹಿಂದೆ ಹೆಂಗಸರ ಗದ್ದಲ, ಕೂಸಿನ ಅಳು.

“ಹೆಸರು ಹೇಳೀನ್ರೀ!”

ಕಿವಿಯಲ್ಲಿ ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಅವರಲ್ಲಿ ವಾಡಿಕೆ. “ಬೆನ್ನು ಮುರದು ಹೋಗ್ಯದ ನೋಡ್ರಿ,” ಎಂದು ನಕ್ಕಳು, ನಗುತ್ತಲೇ ಅತ್ತಳು.

“ನಂದೊಂದು ಗುದ್ದು ಬಾಕಿ ಇದೆ, ಬೇಗ ಬಾ,” ಎಂದೆ.