ಗಿಳಿ ಜ್ವರಕ್ಕೆ ಕೂತದ್ದು

ಗಿಳಿ ನಮ್ಮದಾಗಿರಲಿಲ್ಲ. ಇದೊಂದನ್ನು ಅನುಮಾನವಿಲ್ಲದೆ ಬರೆಯಬಲ್ಲೆ. ವರ್ಷ ಹೇಳಲಾರೆ, ಐವತ್ತರ ದಶಕದ ಕೊನೆಯೋ ಅರವತ್ತರ ಮೊದಲೋ. ಗಿಳಿ ಶಿಡ್ಲಘಟ್ಟದ ಬೂಬಮ್ಮನದು. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಜಂಗಮಕೋಟೆಯಲ್ಲಿ ನಾವು ಹುಳು ಸಾಕಿ ಬೆಳೆದ ಗೂಡನ್ನು ಅಪ್ಪ ಅವರಿಗೇ ಒಯ್ಯುತ್ತಿದ್ದ. ಆ ಸಲ ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಗಿಳಿ ಕಿರುಚಿದಾಗಲೆಲ್ಲ ಕೂಸು ಬೆಚ್ಚುತ್ತಿತ್ತು. ನಲವತ್ತು ದಿನ ಕಳೆಯುವವರೆಗೆ ನೋಡಿಕೊಳ್ಳಿ ಎಂದು ಪಂಜರವನ್ನು ಅಮ್ಮನ ಕೈಗೆ ಕೊಟ್ಟರು. ಅವರ ಪ್ರಾಣವೇ ಆಗಿದ್ದ ಗಿಳಿ. ಅದನ್ನು ಜೀವಂತವಾಗಿ ಹಿಂದಿರುಗಿಸುವ ಹೊಣೆ ಅಮ್ಮನದಾಯಿತು.

ಅಮ್ಮನಿಗೆ ಗಿಳಿ ಗೊತ್ತಿರಲಿಲ್ಲ, ನೋಡುವುದು ಗೊತ್ತಿತ್ತು. ಮಾತಾಡದ ಹುಳುಗಳನ್ನು ಜೀವನವಿಡೀ ನೋಡಿದವಳು. ಸಂಜೆ ಕೊಕ್ಕು ಮಸೆಯತೊಡಗಿದರೆ ಗಿಳಿಗೆ ನಿದ್ದೆ ಬಂದಿದೆ. ಕಣ್ಣಿನ ಕರಿಗುಡ್ಡೆ ಕಿರಿದಾಗಿ ಹಿಗ್ಗಿ, ಮತ್ತೆ ಕಿರಿದಾದರೆ ಬೆರಳು ದೂರವಿಡಬೇಕು. ವಾರದೊಳಗೆ ಇಷ್ಟನ್ನು ಕಂಡುಕೊಂಡಿದ್ದಳು. ಅಥವಾ ಇದನ್ನೆಲ್ಲ ನಾನು ಎಷ್ಟೋ ವರ್ಷಗಳ ನಂತರ ಬೇರೆ ಗಿಳಿಗಳಿಂದ ಕಲಿತು ಅಮ್ಮನ ಲೆಕ್ಕಕ್ಕೆ ಹಾಕುತ್ತಿದ್ದೇನೋ. ಒಬ್ಬರ ಸಾಮಾನನ್ನು ಇನ್ನೊಬ್ಬರ ಮನೆಯಲ್ಲಿಡುವುದು ನೆನಪಿನ ಚಾಳಿ.

ಒಂದು ಬೆಳಿಗ್ಗೆ ಗಿಳಿ ಗರಿ ಉಬ್ಬಿಸಿಕೊಂಡು ಅಲ್ಲಾಡದೆ ಕೂತಿತ್ತು. ಪಂಜರದ ತಳದಲ್ಲಿ ಉದುರಿದ ಹಸಿರು ಪುಕ್ಕಗಳು. ಆಗಾಗ ಕುತ್ತಿಗೆಯನ್ನು ಕಂಬಿಗೆ ಉಜ್ಜುತ್ತಿತ್ತು. ಕಾಳು ಹಾಗೇ ಇತ್ತು. ಅಮ್ಮ ಬಹಳ ಹೊತ್ತು ನೋಡಿ, "ಜ್ವರಕ್ಕೆ ಕೂತಿದೆ" ಅಂದಳು.

ಹುಳು ಸಾಕುವವರ ಮನೆಗಳಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಎಂದೇ ಹೆಸರು. ಆಗ ಅದು ತಲೆ ಎತ್ತಿ ಕಲ್ಲಿನಂತೆ ಇರುತ್ತದೆ. ಸೊಪ್ಪು ಹಾಕಬಾರದು, ಮುಟ್ಟಬಾರದು. ಪೊರೆ ಬಿಟ್ಟ ಮೇಲೆ ತಾನಾಗಿ ಏಳುತ್ತದೆ. ಅಮ್ಮ ಕಾಳಿನ ಬಟ್ಟಲು ತೆಗೆದು, ನೀರು ಮಾತ್ರ ಬಿಟ್ಟು, ಪಂಜರಕ್ಕೆ ಹಳೆಯ ಸೀರೆ ಹೊದಿಸಿದಳು.

ಸಂಜೆ ಯಾರಾದರೂ ಹತ್ತಿರ ಹೋದರೆ ಗಿಳಿ ಬಗ್ಗಿ, ರೆಕ್ಕೆಗಳನ್ನು ಅರ್ಧ ಬಿಚ್ಚಿ ಅದುರಿಸುತ್ತ ಸಣ್ಣಗೆ ಕುಂಯ್‌ಗುಡುತ್ತಿತ್ತು. ಜ್ವರದ ನಡುಕವೆಂದುಕೊಂಡೆವು. ಅದು ಮರಿಯಂತೆ ತಿನ್ನಲು ಬೇಡುತ್ತಿತ್ತು.

ಮರುದಿನ ಅಪ್ಪ ಗೂಡು ಹೊತ್ತು ಶಿಡ್ಲಘಟ್ಟಕ್ಕೆ ಹೋದ. ಗಿಳಿ ಹೇಗಿದೆಯೆಂದು ಬೂಬಮ್ಮ ಕೇಳಿದರಂತೆ. ಜ್ವರಕ್ಕೆ ಕೂತಿದೆ ಎಂದು ಅಪ್ಪ ಆರಾಮಾಗಿ ಹೇಳಿ ತೂಕದ ಕಡೆ ತಿರುಗಿದನಂತೆ. ಆ ಮನೆಗೆ ಬರುವುದು ಗೂಡು ಮಾತ್ರ, ಹುಳು ಅಲ್ಲ. ಅಲ್ಲಿ ಜ್ವರಕ್ಕೆ ಒಂದೇ ಅರ್ಥ.

ಅದರ ಮರುದಿನ ಮೊದಲ ಬಸ್ಸಿಗೇ ಬೂಬಮ್ಮ ಬಂದಿಳಿದರು. ಬುರ್ಖಾ ಕೂಡ ತೆಗೆಯದೆ ಸೀರೆ ಸರಿಸಿ ನೋಡಿದರು. ಗಿಳಿಯ ಎದೆಯ ಮೂಳೆ ಬೆರಳಿಗೆ ಸಿಗುತ್ತಿತ್ತು.

"ಇದು ತಿಂದು ಎಷ್ಟು ಹೊತ್ತಾಯ್ತಮ್ಮ?"

"ಎರಡು ದಿನ. ನಾನೇ ಇಡ್ಲಿಲ್ಲ ಬೂಬಮ್ಮ. ಜ್ವರದಲ್ಲಿ ಸೊಪ್ಪು ಹಾಕ್ತಾರಾ?"

ಯಾವ ಜ್ವರವೆಂದು ಅಮ್ಮ ಬಿಡಿಸಿ ಹೇಳಬೇಕಾಯಿತು. ಬೂಬಮ್ಮ ಕೇಳುತ್ತ ಕೇಳುತ್ತ ನೆಲದ ಮೇಲೆ ಕೂತುಬಿಟ್ಟರು.

"ನಾನು ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಇದು ಹುಳ ಅಲ್ಲಮ್ಮ. ಹೊಸ ಗರಿ ಬರೋವಾಗ ಜಾಸ್ತಿ ತಿನ್ನಬೇಕು ಇದು."

ಅಮ್ಮನ ಮುಖ ನೆನಪಿದೆ ಎಂದರೆ ಸುಳ್ಳಾಗುತ್ತದೆ. ಅವಳು ಗೋಡೆಯ ಕಡೆ ತಿರುಗಿದ್ದಳು. ಅಪ್ಪ ಆ ಮಾತನ್ನು ಹಾಗೇ ಹೇಳಿರದಿದ್ದರೆ, ಬೂಬಮ್ಮ ಅದನ್ನು ತಪ್ಪಾಗಿ ತಿಳಿದಿರದಿದ್ದರೆ, ಗಿಳಿ ಸೀರೆಯಡಿಯಲ್ಲೇ ಸತ್ತಿರುತ್ತಿತ್ತು.

ಬೂಬಮ್ಮ ನೆನೆಸಿದ ಕಡಲೆಯನ್ನು ಜಜ್ಜಿ ಒಂದೊಂದಾಗಿ ಕೊಟ್ಟರು. ಮೊದಲು ಕೊಕ್ಕಿನಿಂದ ಜಾರಿಬಿತ್ತು. ಮಧ್ಯಾಹ್ನದ ಹೊತ್ತಿಗೆ ಗಿಳಿ ಕಾಳನ್ನು ಕಾಲಲ್ಲಿ ಹಿಡಿದು ತಿನ್ನತೊಡಗಿತು. ಈಗ ಕರಕೊಂಡು ಹೋಗಿಬಿಡಿ, ನನ್ನ ಕೈಲಿ ಬೇಡ, ಎಂದು ಅಮ್ಮ ಪಂಜರವನ್ನು ಅವರತ್ತ ತಳ್ಳಿದಳು. ಉತ್ತರವಾಗಿ ಬೂಬಮ್ಮ ಅವಳ ಅಂಗೈಗೆ ನಾಲ್ಕು ಕಾಳು ಹಾಕಿದರು.

ಗಿಳಿ ಅಮ್ಮನ ಕೈಯಿಂದ ಮೆಲ್ಲಗೆ ಕಾಳು ತೆಗೆದುಕೊಂಡಿತು ಎಂದು ಬರೆಯಲು ಆಸೆಯಾಗುತ್ತದೆ. ಅದು ಕಚ್ಚಿತು. ಹೆಬ್ಬೆರಳಿನಿಂದ ರಕ್ತ ಬಂತು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಿಳಿ ಆಮೇಲೆ ತಿಂದಿತು.

"ಕಚ್ಚೋಷ್ಟು ಶಕ್ತಿ ಬಂತಲ್ಲ" ಎಂದರು ಬೂಬಮ್ಮ. "ಇನ್ನೂ ಹದಿನೈದು ದಿನ ಇದೆ. ಇಲ್ಲೇ ಇರ್ಲಿ."

ಬುರ್ಖಾ ಸರಿಮಾಡಿಕೊಂಡು, ಪಂಜರವನ್ನು ಅಲ್ಲೇ ಬಿಟ್ಟು, ಅವರು ಬಸ್ಸಿಗೆ ಹೊರಟರು.