ಗೆಳೆಯನ ಹೆಸರಿನ ಮೊದಲ ಅಕ್ಷರ

ನಾನು ಒಂಬತ್ತು ವರ್ಷದ ಚಿಕ್ಕವನಿದ್ದಾಗ ನಮ್ಮ ಮನೆ ಮಲೇಷ್ಯಾದ ಕ್ಲಾಂಗ್ ಬಂದರಿನ ಹತ್ತಿರವಿತ್ತು. ಮಂಗಳೂರಿನಿಂದ ಹಡಗು ಹತ್ತಿ ಬಂದಿದ್ದ ಅಪ್ಪ ಅಲ್ಲಿಯ ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ಗಾಳಿ ಬೀಸಿದರೆ ಸಾಕು, ಒಣಮೀನು, ರಬ್ಬರು, ಹಡಗಿನ ಎಣ್ಣೆ ಎಲ್ಲದರ ವಾಸನೆ ಒಟ್ಟಿಗೇ ಅಡುಗೆಮನೆಗೆ ನುಗ್ಗುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ನನಗೂ ಅಕ್ಕನಿಗೂ ಸ್ಲೇಟಿನ ಮೇಲೆ ಕನ್ನಡ ಅಕ್ಷರ ಬರೆಸುತ್ತಿದ್ದರು. ಕ, ಖ, ಗ, ಘ ಆದಮೇಲೆ ಬರುವ ಙ ಕಂಡರೆ ನನಗೆ ಸಿಟ್ಟು. ಅದರಿಂದ ಶುರುವಾಗುವ ಒಂದು ಪದವೂ ನನಗೆ ಗೊತ್ತಿರಲಿಲ್ಲ, ಬರೆಯುವುದು ಮಾತ್ರ ಕಷ್ಟ.

ಆದರೆ ಅದೇ ಸದ್ದಿನಿಂದ ಶುರುವಾಗುವ ಹೆಸರಿನ ಹುಡುಗ ಪಕ್ಕದ ಮನೆಯಲ್ಲೇ ಇದ್ದ. ಅವನು ಙ್ ಕೊಕ್ ಸೆಂಗ್. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅವನ ಮನೆತನವೇ ಙ್. ಇಂಗ್ಲಿಷಿನಲ್ಲಿ ಅದನ್ನು ಎನ್, ಜಿ ಎಂಬ ಎರಡೇ ಅಕ್ಷರದಲ್ಲಿ ಬರೆಯುತ್ತಿದ್ದರು. ಸೋಯಾ ಹಾಲು ಮಾರುತ್ತಿದ್ದ ಅಜ್ಜಿ ಅವನನ್ನು ಸಾಕುತ್ತಿದ್ದರು. ಬೆಳಗ್ಗೆ ಅವರ ಬಾಗಿಲಲ್ಲಿ ನಿಂತರೆ ಕುದಿಯುವ ಹಾಲಿನ ಹಬೆ ಮುಖಕ್ಕೆ ಬಡಿಯುತ್ತಿತ್ತು. ಅಜ್ಜಿ ನಮ್ಮಿಬ್ಬರಿಗೂ ಒಂದೊಂದು ಲೋಟ ಕುಡಿಸಿಯೇ ಶಾಲೆಗೆ ಕಳಿಸುತ್ತಿದ್ದರು.

ಶಾಲೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೇಷ್ಟರೊಬ್ಬರಿದ್ದರು. ಒಳ್ಳೆಯವರು. ಆದರೆ ಹಾಜರಿ ಕರೆಯುವಾಗ ಗೆಳೆಯನ ಹೆಸರನ್ನು ಮೊದಲು 'ನಗ್' ಎಂದರು, ಆಮೇಲೆ 'ಎನ್-ಜಿ' ಎಂದರು, ಕೊನೆಗೆ ಮುಖ ಕೆಂಪಗಾಗಿ, "ಇವತ್ತಿನಿಂದ ನೀನು ನಿಕ್ಕಿ" ಎಂದುಬಿಟ್ಟರು. ಗೆಳೆಯ ಸುಮ್ಮನೆ ತಲೆಯಾಡಿಸಿದ. ಶಾಲೆಗೆಲ್ಲ ಅವನು ನಿಕ್ಕಿಯಾದ.

ಆ ವರ್ಷ ಚಿತ್ರಕಲೆಯಲ್ಲಿ ಅವನಿಗೆ ಮೊದಲ ಬಹುಮಾನ ಬಂತು. ಮನೆಗೆ ಬರುವಾಗ ಕುಣಿಯಬೇಕಾದವನು ಮಂಕಾಗಿದ್ದ. "ಬಹುಮಾನದ ದಿನ ಅಜ್ಜಿ ಬರ್ತಾರೆ. ಅವರ ಕಣ್ಣು ಮಂಜು. ನಿಕ್ಕಿ ಅಂತ ಕರೆದ್ರೆ ಬೇರೆ ಯಾರೋ ಅಂದ್ಕೊಂಡು ಕೂತಿರ್ತಾರೆ ಲಾ" ಎಂದ, ಅಲ್ಲಿಯವರೆಲ್ಲ ಮಾತಿನ ಕೊನೆಗೆ ಅಂಟಿಸುವ 'ಲಾ' ಸೇರಿಸಿ.

ನಾನು ಅಪ್ಪನಿಗೆ ಹೇಳಿದೆ. ಅಪ್ಪ, "ನಿಮ್ಮ ಮೇಷ್ಟರ ಭಾಷೆಯಲ್ಲೂ ಆ ಸದ್ದು ಉಂಟು ಮಾರಾಯ. ಪದದ ಮೊದಲಿಗೆ ಬರುದಿಲ್ಲ, ಅಷ್ಟೆ. ಹಾಡುವುದಕ್ಕೆ ಇಂಗ್ಲಿಷಿನಲ್ಲಿ 'ಸಿಂಗ್' ಅಂತಾರಲ್ಲ, ಅದರ ಬಾಲ ಹಿಡಿಯಲಿಕ್ಕೆ ಹೇಳು" ಎಂದರು.

ಮರುದಿನ ಮೇಷ್ಟರುಗಳ ಕೋಣೆಯ ಬಾಗಿಲಲ್ಲಿ ನಿಂತು, ನಿಕ್ಕಿಯ ನಿಜವಾದ ಹೆಸರು ಹೇಳಿಕೊಡಲು ಬಂದೆ ಎಂದೆ. "ಸಾರ್, 'ಸಿಂಗ್' ಅನ್ನಿ. ಈಗ ಮುಂದಿನದು ಬಿಟ್ಟು ಬಾಲ ಮಾತ್ರ ಅನ್ನಿ." ಅವರು ಚಹಾದ ಕಪ್ಪು ಕೆಳಗಿಟ್ಟರು. ಮೊದಲು ಸೊಳ್ಳೆಯಂಥ ಸದ್ದು ಬಂತು, ಆಮೇಲೆ ಕರುವಿನಂಥದು. ಉಳಿದ ಮೇಷ್ಟರೆಲ್ಲ ತಿರುಗಿ ನೋಡಿದರು.

"ಇದನ್ನು ಅವನೇ ಯಾಕೆ ನನಗೆ ಹೇಳಲಿಲ್ಲ?" ಎಂದು ಕೇಳಿದರು.

"ನೀವು ಕೇಳಲಿಲ್ಲ, ಸಾರ್."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಬೆತ್ತದೇಟು ಬಿತ್ತೆಂದೇ ಅಂದುಕೊಂಡೆ. ಅವರು ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ಇನ್ನೊಂದು ಸಲ ಹೇಳಿಕೊಡು" ಎಂದರು.

ಬಹುಮಾನದ ದಿನ ಸಭಾಂಗಣದ ತುಂಬ ತಲೆಗೆ ಹಚ್ಚಿದ ಎಣ್ಣೆಯ ಮತ್ತು ಗಂಜಿ ಹಾಕಿದ ಬಟ್ಟೆಯ ವಾಸನೆ. ಅಜ್ಜಿ ಮೂರನೆಯ ಸಾಲಿನಲ್ಲಿ ಹೊಸ ನೀಲಿ ಅಂಗಿ ತೊಟ್ಟು ಕುಳಿತಿದ್ದರು. ಮೇಷ್ಟರು ಚೀಟಿ ಹಿಡಿದು, ಉಸಿರೆಳೆದುಕೊಂಡು ಕರೆದರು: "ಙ್ ಕೊಕ್ ಸೆಂಗ್!"

ಗೆಳೆಯ ಅಲುಗಾಡಲಿಲ್ಲ! ಶಾಲೆಯಲ್ಲಿ ಆ ಹೆಸರು ತನ್ನದೆಂಬುದೇ ಅವನಿಗೆ ಮರೆತುಹೋಗಿತ್ತು. ನಾನು ಅವನ ತೊಡೆ ಚಿವುಟಿದೆ. ಅವನು ಏಳುವ ಮೊದಲೇ ಅಜ್ಜಿ ಎದ್ದು ನಿಂತು, ಕೈಗಳನ್ನು ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತ ತಮ್ಮ ಭಾಷೆಯಲ್ಲಿ ಏನೋ ಕೂಗಿದರು. "ನಮ್ಮವನೇ, ನಮ್ಮವನೇ" ಎಂದರಂತೆ. ಮೇಷ್ಟರು ವೇದಿಕೆಯಿಂದಲೇ ನನ್ನತ್ತ ನೋಡಿ, ಸರಿಯಾಯಿತೇ ಎನ್ನುವಂತೆ ಹುಬ್ಬೇರಿಸಿದರು. ಪರೀಕ್ಷೆಯಲ್ಲಿ ಪಾಸು ಮಾಡುವವನ ಗತ್ತಿನಲ್ಲಿ ನಾನು ತಲೆಯಾಡಿಸಿದೆ.

ಈಗ ಮಲೇಷ್ಯಾದ ನಿಲಾಯ್‌ನಲ್ಲಿ ನನ್ನ ಮೊಮ್ಮಕ್ಕಳು ಓದುವ ಶಾಲೆಯಲ್ಲಿ ಹತ್ತಾರು ದೇಶದ ಮಕ್ಕಳಿದ್ದಾರೆ. ಮೊದಲ ದಿನವೇ ಟೀಚರು ಒಬ್ಬೊಬ್ಬರನ್ನೂ ನಿನ್ನ ಹೆಸರು ಹೇಗೆ ಹೇಳಬೇಕು ಎಂದು ಕೇಳುತ್ತಾರೆ. ಆ ಭಾಗ್ಯ ನಮಗಿರಲಿಲ್ಲ. ಆದರೆ ನನ್ನ ಮೊಮ್ಮಗಳು ತನ್ನ ಉದ್ದದ ಹೆಸರನ್ನು ತಾನೇ ಕತ್ತರಿಸಿ, "ಜಸ್ಟ್ ಕಾಲ್ ಮಿ ವಿ, ಈಸಿ ಲಾ" ಎಂದು ಹೇಳಿ ಬಂದಿದ್ದಳು.

"ಪುಟ್ಟಿ, ಆ ಹೆಸರು ಹುಡುಕಲಿಕ್ಕೆ ನಿನ್ನ ಅಜ್ಜಿಗೆ ಮೂರು ವಾರ ಬೇಕಾಯ್ತು. ಕಲಿಯಲಿಕ್ಕೆ ನಿನ್ನ ಟೀಚರಿಗೆ ಮೂರು ದಿನ ಆಗಲಿ ಬಿಡು" ಎಂದೆ.

ಮಾರನೆಯ ಸಂಜೆ ಬಾಗಿಲಲ್ಲೇ ಚೀಲ ಎಸೆದು ಓಡಿಬಂದಳು. "ಅಜ್ಜಾ, ಟೂ ಟೈಮ್ಸ್ ರಾಂಗ್. ಥರ್ಡ್ ಟೈಮ್ ಕರೆಕ್ಟ್!"